ಹತ್ತಿಯ ಎಡಗಿವಿ

ಮಂಗಳವಾರ ಬೆಳಿಗ್ಗೆ ಅತ್ತಿಗೆ ನಾಯಿಗಳನ್ನು ತೊಳೆದು ಸಿಂಗರಿಸುವ ತಮ್ಮ ಅಂಗಡಿಯ ಷಟರ್ ಎತ್ತಿ ಹಿಂದಿನ ದಿನದ ಕೂದಲು ಗುಡಿಸುತ್ತಿದ್ದಳು. ಕಂಡಕ್ಟರ್ ಬಂದು ಬಾಗಿಲಲ್ಲಿ ನಿಂತರು. ಬಸ್ಸಿನ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಬೀದಿಗೆಲ್ಲ ಅವರು ಕಂಡಕ್ಟರೇ. ಅಂಗಡಿಗೆ ಬಂದಾಗಲೆಲ್ಲ "ಒಳಗೆ ಹೋಗಿ, ಒಳಗೆ ಹೋಗಿ, ಸೀಟು ಖಾಲಿ ಇದೆ" ಎಂದು ತಮ್ಮ ನಾಯಿಯನ್ನೇ ಗದರಿಸಿಕೊಂಡು ಬರುವವರು. ಇವತ್ತು ಕೈಯಲ್ಲಿ ನಾಯಿಯೂ ಇರಲಿಲ್ಲ, ಬಾಯಲ್ಲಿ ತಮಾಷೆಯೂ ಇರಲಿಲ್ಲ.

"ತಾಯಿ, ಒಂದು ಮಾತು ನಿಜ ಹೇಳ್ಬೇಕು. ಶನಿವಾರ ನಮ್ಮ ಹತ್ತಿ ಇಲ್ಲಿದ್ದಾಗ ಬೇರೆ ಯಾವುದಾದ್ರೂ ನಾಯಿ ಅದಕ್ಕೆ ಕಚ್ತಾ?"

"ಇಲ್ವಲ್ಲ. ಒಂದು ನಾಯಿ ಮೇಜಿನ ಮೇಲಿದ್ರೆ ಇನ್ನೊಂದು ಗೂಡಲ್ಲಿರುತ್ತೆ. ಯಾಕೆ, ಏನಾಯ್ತು?"

"ಹುಚ್ಚು ಹಿಡಿದಿದೆ ಅಂತಾರೆ ನಮ್ಮಳಿಯ." ಕಂಡಕ್ಟರ್ ಗೋಡೆಗೆ ಒರಗಿಕೊಂಡರು. "ಭಾನುವಾರದಿಂದ ಮಂಚದ ಕೆಳಗೆ ಸೇರ್ಕೊಂಡಿದೆ. ಅನ್ನ ಮುಟ್ಟಲ್ಲ. ಜೊಲ್ಲು ಸುರಿಸುತ್ತೆ, ತಲೆ ಒದರುತ್ತೆ. ನಿನ್ನೆ ಸಂಜೆ ಅಳಿಯ ಎತ್ಕೊಳ್ಳೋಕೆ ಹೋದ್ರೆ ಕೈ ಕಚ್ಚಿಬಿಡ್ತು. ತಣ್ಣಗಾಗಲಿ ಅಂತ ತಲೆ ಮೇಲೆ ಒಂದು ಚೊಂಬು ನೀರು ಹಾಕಿದ್ರೆ, ಅಯ್ಯಯ್ಯೋ, ಆ ಕಿರುಚಾಟ! ನೀರು ಕಂಡ್ರೆ ಹೆದರಿಕೆ, ಇನ್ನೇನು ಸಾಕ್ಷಿ ಬೇಕು ಅಂತಾರೆ. ಬಚ್ಚಲಲ್ಲಿ ಕೂಡಿಹಾಕಿ, ನಾಯಿ ಹಿಡಿಯೋ ಗಾಡಿಗೆ ಫೋನ್ ಮಾಡಿದ್ದಾರೆ. ಈಗ ಬರುತ್ತೆ ಅದು."

"ಈ ವರ್ಷದ ಲಸಿಕೆ?"

"ಮುಂದಿನ ವಾರ, ಮುಂದಿನ ವಾರ ಅಂತ..."

ಒಳಗಡೆ ಟವಲ್ ಮಡಚುತ್ತಿದ್ದ ನಾದಿನಿಯ ಕೈ ನಿಂತಿತ್ತು. ಅದು ಅತ್ತಿಗೆಗೆ ಬೆನ್ನಿಗೆ ಕಣ್ಣಿದ್ದವರ ಹಾಗೆ ತಿಳಿಯಿತು. ಗಂಡನ ತಂಗಿ ಅವಳು, ಅಂಗಡಿ ಇಬ್ಬರದೂ. ತೊಳೆಯುವುದು, ಸಿಕ್ಕು ಬಿಡಿಸುವುದು, ಉಗುರು ಕತ್ತರಿಸುವುದು ಅತ್ತಿಗೆಯ ಕೆಲಸ. ಕೊನೆಯ ಕತ್ತರಿ, ಪೌಡರು, ರಿಬ್ಬನ್ನು ನಾದಿನಿಯದು. ಶನಿವಾರ ಕಂಡಕ್ಟರ ಮೊಮ್ಮಗಳ ಹುಟ್ಟುಹಬ್ಬದ ಫೋಟೋಗೆಂದು ಹತ್ತಿಯ ಜೋಲುಕಿವಿಗಳ ಕೂದಲಿಗೆ ಎರಡು ಗುಲಾಬಿ ಬೋ ಕಟ್ಟಿದ್ದೂ ಅವಳೇ.

"ಕಿವಿಯ ಬೋ ಇನ್ನೂ ಇದೆಯಾ?" ಎಂದಳು ಅತ್ತಿಗೆ.

"ಅದಾ? ಬಲಗಡೇದನ್ನ ಮಗು ಬಿಚ್ಚಿತು. ಎಡಗಡೆ ರಿಬ್ಬನ್ನು ಆವತ್ತೇ ಕಿತ್ತುಬಂತು."

"ರಬ್ಬರ್ ಬ್ಯಾಂಡು?"

"ಅದೆಲ್ಲ ಯಾರು ನೋಡ್ತಾರೆ ತಾಯಿ!"

ಅತ್ತಿಗೆ ಪೊರಕೆ ಕೆಳಗಿಟ್ಟು ಕಂಡಕ್ಟರನ್ನು ಮನೆಗೆ ಕಳಿಸಿದಳು. "ಗಾಡಿ ಬಂದ್ರೂ ಬಾಗಿಲು ತೆಗೀಬೇಡಿ, ನಿಮ್ಮ ಹಿಂದೇನೇ ಬರ್ತೀವಿ." ಅವರು ತಿರುವಿನಲ್ಲಿ ಮರೆಯಾಗುತ್ತಲೇ ನಾದಿನಿಯ ಕಡೆಗೆ ತಿರುಗಿದಳು.

"ಬಾಚಣಿಗೆ ಹಾಯಿಸಿದ್ಯಾ?"

ಆ ಕೆಲಸ ಬಲ್ಲವರಿಗೆ ಇಷ್ಟು ಕೇಳಿದರೆ ಸಾಕು. ಬೋ ನಿಲ್ಲುವುದು ಉಂಗುರದಷ್ಟೂ ಇಲ್ಲದ ಒಂದು ರಬ್ಬರ್ ಬ್ಯಾಂಡಿನ ಮೇಲೆ. ಉದ್ದ ಕೂದಲಿನ ಕಿವಿಯಲ್ಲಿ ಕೂದಲು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಬ್ಯಾಂಡು ಸುತ್ತಿದ ಮೇಲೆ, ಅದಕ್ಕೂ ಕಿವಿಗೂ ನಡುವೆ ಸ್ಟೀಲ್ ಬಾಚಣಿಗೆಯ ಹಲ್ಲು ಹಾಯಿಸಿ ನೋಡಬೇಕು. ಹಲ್ಲು ಸಲೀಸಾಗಿ ಆಚೆ ಬಂದರೆ ಬ್ಯಾಂಡು ಕೂದಲಿಗೆ ಬಿದ್ದಿದೆ. ತಡೆದರೆ ಕಿವಿಗೇ ಬಿದ್ದಿದೆ. ಕಿವಿಗೆ ಬಿದ್ದರೆ ಮೊದಲ ದಿನ ತುರಿಕೆ, ಆಮೇಲೆ ಬಾವು. ಅದರಾಚೆಗೆ ಏನಾಗುತ್ತದೆಂದು ಅತ್ತಿಗೆ ಕೇಳಿದ್ದಳೇ ಹೊರತು ಕಂಡಿರಲಿಲ್ಲ.

"ಹಾಯಿಸ್ದೆ ಅನ್ಸುತ್ತೆ," ಎಂದಳು ನಾದಿನಿ.

"ಅನ್ಸುತ್ತೆ ಅಂದ್ರೆ?"

"ಬಲಗಡೆ ಹಾಯಿಸ್ದೆ. ಎಡಗಡೆ ಕಟ್ಟೋ ಹೊತ್ತಿಗೆ ನೀವು ಕೂಗಿದ್ರಿ ಅತ್ತಿಗೆ. 'ಶೃಂಗಾರ ಸಾಕು, ಆ ದೊಡ್ಡ ನಾಯಿ ಕಾಯ್ತಾ ಇದೆ' ಅಂತ. ಇಳಿಸಿಬಿಟ್ಟೆ."

ಅತ್ತಿಗೆ ಕೂಗಿದ್ದು ಹೌದು. ಬಯ್ಯುವುದನ್ನು ಬಿಟ್ಟು ಚೀಲ ತೆಗೆದಳು.

ಚೀಲಕ್ಕೆ ಬೇಕಾದ್ದನ್ನು ತುಂಬಿದಳು: ದಪ್ಪ ಟವಲ್ ಎರಡು, ಕುಣಿಕೆಯ ಹಗ್ಗ, ಸ್ಟೀಲ್ ಬಾಚಣಿಗೆ, ತುದಿ ಮೊಂಡಾದ ಸಣ್ಣ ಕತ್ತರಿ. ಕ್ಲಿಪ್ಪರ್ ಎತ್ತಿಕೊಂಡು ಮತ್ತೆ ಕೆಳಗಿಟ್ಟಳು. ಆ ಸದ್ದು ಕಿವಿಯ ಹತ್ತಿರ ಕೇಳಿದರೆ ನೋಯುತ್ತಿರುವ ನಾಯಿ ಹಿಡಿತಕ್ಕೆ ಸಿಗುವುದಿಲ್ಲ. ಗೂಡಿನ ಮೇಲಿದ್ದ, ದರ್ಜಿಗಳು ಹೊಲಿಗೆ ಬಿಚ್ಚಲು ಬಳಸುವ ಪುಟ್ಟ ಕೊಕ್ಕೆಯನ್ನೂ ಹಾಕಿಕೊಂಡಳು. ಬಾಯಿಗೆ ಹಾಕುವ ಕುಕ್ಕೆಯನ್ನು ನಾದಿನಿ ತಂದಾಗ ಬೇಡವೆಂದಳು. ಹತ್ತಿಯದು ಮೊಂಡು ಮೂಗು. ಯಾವ ಕುಕ್ಕೆಯೂ ನಿಲ್ಲುವುದಿಲ್ಲ.

ಕಂಡಕ್ಟರ ಮನೆಯ ಬಚ್ಚಲು ಹಿತ್ತಿಲ ಕಡೆಗಿತ್ತು. ಬಾಗಿಲಿಗೆ ಕುರ್ಚಿ ಆನಿಸಿ, ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡ ಅಳಿಯ ಎಡಗೈಯಲ್ಲಿ ನೆಲ ಒರೆಸುವ ಕೋಲು ಹಿಡಿದು ಕೂತಿದ್ದ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ಮಗುವನ್ನು ಎತ್ತಿಕೊಂಡು ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ನಾಯಿಯ ಸದ್ದಿಲ್ಲ.

"ಯಾರೂ ಒಳಗೆ ಹೋಗೋ ಹಾಗಿಲ್ಲ," ಎಂದ ಅಳಿಯ.

"ಅದರ ಎಡಗಿವಿ ಒಂದ್ಸಲ ನೋಡ್ಬೇಕು ಸರ್."

"ಕಿವಿ ನೋಡ್ತೀರಾ? ನನ್ನ ಕೈ ನೋಡಿ ಮೊದ್ಲು! ನಿಮಗೂ ಕಚ್ಚಿದ್ರೆ ಯಾರು ಜವಾಬ್ದಾರಿ? ಮನೇಲಿ ಸಣ್ಣ ಮಗು ಇದೆ. ನಿನ್ನೆ ನನ್ನ ಕೈ ಸಿಕ್ತು ಅದಕ್ಕೆ, ಮಗುವಿನ ಕೆನ್ನೆ ಸಿಕ್ಕಿದ್ರೆ?"

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಅತ್ತಿಗೆ ಗಾಯ ಸೋಪು ಹಾಕಿ ತೊಳೆದಿರಾ, ಇಂಜೆಕ್ಷನ್ ಆಯಿತಾ ಎಂದು ವಿಚಾರಿಸಿದಳು. ಎರಡೂ ಆಗಿತ್ತು.

"ಒಳ್ಳೇದು ಮಾಡಿದ್ರಿ. ಉಳಿದದ್ದನ್ನೂ ತಪ್ಪಿಸ್ಬೇಡಿ, ನಾನು ಏನೇ ಹೇಳಿದ್ರೂ ತಪ್ಪಿಸ್ಬೇಡಿ. ಈ ಕೆಲಸ ಮಾಡೋ ನಾವು ಮೊದಲೇ ಹಾಕಿಸ್ಕೊಂಡಿರ್ತೀವಿ. ನಾವು ಒಳಗೆ ಹೋದ ಮೇಲೆ ಬಾಗಿಲು ಹೊರಗಿಂದ ಹಾಕ್ಕೊಳ್ಳಿ. ನನಗೆ ಕಚ್ಚಿದ್ರೆ ನನ್ನ ಹಣೆಬರಹ."

"ಮಾವ, ಹೇಳಿ ಇವರಿಗೆ!"

ಕಂಡಕ್ಟರ್ ಅಳಿಯನ ಮುಖ ನೋಡಲಿಲ್ಲ. ಕುರ್ಚಿಯನ್ನು ಎಳೆದು ಪಕ್ಕಕ್ಕಿಟ್ಟರು. "ಹೋಗಿ ತಾಯಿ. ರೈಟ್," ಎಂದರು. ಬಾಯಿಯ ರೂಢಿಯಲ್ಲಿ ಬಂದದ್ದು. ಯಾರೂ ನಗಲಿಲ್ಲ.

ಬಾಗಿಲು ಮುಚ್ಚಿತು. ಹತ್ತಿ ಬಕೆಟ್ಟಿನ ಹಿಂದೆ ಮೂಲೆಗೆ ಅಂಟಿಕೊಂಡಿತ್ತು. ಹೆಸರಿಗೆ ತಕ್ಕ ಬಿಳುಪು ಹೋಗಿ, ಕೂದಲು ಒದ್ದೆಯಾಗಿ ಮೈಗೆ ಮೆತ್ತಿ, ಅರ್ಧ ನಾಯಿಯಾಗಿತ್ತು. ಅವರನ್ನು ನೋಡಿ ಹಲ್ಲು ಬಿಟ್ಟಿತು. ಗಂಟಲಿನಿಂದ ಬಂದ ಸದ್ದು ಅತ್ತಿಗೆ ಹಿಂದೆ ಆ ನಾಯಿಯಿಂದ ಕೇಳಿದ್ದಲ್ಲ. ಒಂದು ಕ್ಷಣ ಅವಳಿಗೇ ಅಳಿಯನ ಮಾತು ನಿಜವಿರಬಹುದೆನ್ನಿಸಿತು.

"ಕೂತ್ಕೋ," ಎಂದಳು ನಾದಿನಿಗೆ. "ಅದರ ಕಣ್ಣು ನೋಡ್ಬೇಡ. ಗೋಡೆ ನೋಡು."

ಇಬ್ಬರೂ ಒದ್ದೆ ನೆಲದ ಮೇಲೆ, ನಾಯಿಗೆ ಪಕ್ಕ ಕೊಟ್ಟು ಕೂತರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಬೀದಿಯಲ್ಲಿ ಯಾವುದೋ ಗಾಡಿ ನಿಂತು ಮುಂದೆ ಹೋಯಿತು. ನಾದಿನಿ ಬಾಗಿಲ ಕಡೆ ತಿರುಗಿ ಮತ್ತೆ ಗೋಡೆ ನೋಡಿದಳು. ಅತ್ತಿಗೆ ಶನಿವಾರ ಹತ್ತಿಗೆ ಹೇಳುತ್ತಿದ್ದ ಮಾತುಗಳನ್ನೇ ಸಣ್ಣ ದನಿಯಲ್ಲಿ ಹೇಳತೊಡಗಿದಳು. "ಏನಪ್ಪಾ ರಾಜ, ಯಾರು ಏನಂದ್ರು ನಿನಗೆ? ಬೈದ್ರಾ? ಬಾ, ಅವರಿಗೆ ಬುದ್ಧಿ ಕಲಿಸ್ತೀನಿ." ಗೊರಗೊರ ನಿಲ್ಲಲಿಲ್ಲ, ಆದರೆ ನಡುನಡುವೆ ಉಸಿರು ತೆಗೆದುಕೊಳ್ಳುವಷ್ಟು ಬಿಡುವು ಬಂತು. ಅಂಥದೊಂದು ಬಿಡುವಿನಲ್ಲಿ ಅವಳು ಬಕೆಟ್ಟನ್ನು ಮೆಲ್ಲಗೆ ಸರಿಸಿ, ಟವಲನ್ನು ಬಲೆ ಬೀಸಿದಂತೆ ಬೀಸಿದಳು.

ಟವಲಿನೊಳಗೆ ಸುಂಟರಗಾಳಿ ಎದ್ದಿತು. ಹಲ್ಲು ಬಟ್ಟೆಯನ್ನು ಹಿಡಿದ ಸದ್ದು ಕೇಳಿಸಿತು. ಅತ್ತಿಗೆ ಎರಡನೇ ಟವಲನ್ನು ಉದ್ದಕ್ಕೆ ಸುರುಳಿ ಸುತ್ತಿ ಅದರ ಕತ್ತಿಗೆ ಪಟ್ಟಿಯ ಹಾಗೆ ಬಿಗಿದಳು. ಈಗ ತಲೆ ತಿರುಗಿಸಿ ಕಚ್ಚುವಂತಿಲ್ಲ, ಉಸಿರಾಟಕ್ಕೂ ತೊಂದರೆಯಿಲ್ಲ. "ತೊಡೆ ಮೇಲೆ ಇಟ್ಕೋ. ಗಟ್ಟಿಯಾಗಿ, ಆದ್ರೆ ಹಿಸುಕಬೇಡ." ನಾದಿನಿ ಹಿಡಿದಳು. ಟವಲಿನೊಳಗೆ ನಾಯಿ ನಡುಗುತ್ತಿತ್ತು.

ಎಡಗಿವಿಯ ಕೂದಲು ಕೀವಿಗೆ ಅಂಟಿ ಹಲಗೆಯಾಗಿತ್ತು. ವಾಸನೆ ಮೂಗಿಗೆ ಬಡಿಯಿತು. ಬಾಚಣಿಗೆಯ ಸಣ್ಣ ಹಲ್ಲಿನ ಕಡೆಯನ್ನು ಅತ್ತಿಗೆ ಕಿವಿಯ ಬುಡದಿಂದ ಕೆಳಕ್ಕೆ ಮುಟ್ಟಿಯೂ ಮುಟ್ಟದಂತೆ ಇಳಿಸುತ್ತ ಬಂದಳು. ತುದಿಗೆ ಎರಡು ಬೆರಳು ಇರುವಾಗ ಹಲ್ಲು ತಡೆಯಿತು. ಹತ್ತಿ ಕಿರುಚಿತು. ಹೊರಗೆ ಮಗು ಅಳತೊಡಗಿತು. ಅಳಿಯ ಬಾಗಿಲು ಗುದ್ದಿದ: "ಏನ್ ಮಾಡ್ತಿದ್ದೀರಿ ಅದಕ್ಕೆ? ಗಾಡಿ ಬಂತು, ಬಿಟ್ಟು ಹೊರಗೆ ಬನ್ನಿ!"

"ಒಂದೇ ನಿಮಿಷ!"

ಮೊಂಡು ಕತ್ತರಿಯಿಂದ ಕೂದಲನ್ನು ಎಳೆ ಎಳೆಯಾಗಿ ಕತ್ತರಿಸಿ ತೆಗೆದಳು. ಬೆಣ್ಣೆಯಿಂದ ಕೂದಲು ತೆಗೆಯುತ್ತಾರಲ್ಲ, ಹಾಗೆ. ಕೆಳಗೆ ಕಿವಿ ಹೂರಣ ತುಂಬಿದಂತೆ ಊದಿತ್ತು, ನಡುವೆ ಒಂದು ಗೆರೆ. ಗೆರೆಯ ಆಚೆಗಿನ ತುದಿ ಕಪ್ಪಗಿತ್ತು. ಬ್ಯಾಂಡು ಕಾಣುತ್ತಲೇ ಇರಲಿಲ್ಲ. ಮಾಂಸ ಅದನ್ನು ನುಂಗಿತ್ತು. ಅಲ್ಲಿಗೆ ಕತ್ತರಿ ಹಾಕಿದರೆ ಕಿವಿಯೇ ಬಂದೀತು. ಅವಳು ಕೊಕ್ಕೆಯ ಗುಂಡುತುದಿಯನ್ನು ಗೆರೆಯೊಳಗೆ ಜಾರಿಸಿ, ಕಣ್ಣಿನ ಬದಲು ಬೆರಳನ್ನು ನಂಬಿ, ಏನೋ ಬಿಗಿಯಾಗಿ ಸಿಕ್ಕಿಕೊಳ್ಳುವವರೆಗೆ ಮುಂದೆ ತಳ್ಳಿದಳು. ಮೇಲಕ್ಕೆ ಎತ್ತಿದಳು. ಟಪ್ ಎಂದಿತು.

ಹತ್ತಿಯ ಮೈಯೆಲ್ಲ ಒಮ್ಮೆ ಸೆಟೆದು ಸಡಿಲವಾಯಿತು. ನಾದಿನಿ "ಸತ್ತೋಯ್ತಾ?" ಎಂದು ಬಿಕ್ಕಿದಳು. ಸತ್ತಿರಲಿಲ್ಲ. ಉದ್ದಕ್ಕೆ ಒಂದು ಉಸಿರು ಬಿಟ್ಟು ಅವಳ ಮೊಣಕೈಗೆ ಗಲ್ಲ ಆನಿಸಿತ್ತು.

ಅತ್ತಿಗೆಯ ಅಂಗೈ ಮೇಲೆ ತುಂಡಾದ ಗುಲಾಬಿ ಬ್ಯಾಂಡು, ದಾರದ ಚೂರಿನಷ್ಟು.

"ಅತ್ತಿಗೆ," ನಾದಿನಿ ಪಿಸುಗುಟ್ಟಿದಳು, "ಅದನ್ನ ನೀರಲ್ಲಿ ಬಿಟ್ಬಿಡಿ. ಉಣ್ಣೆ ಕಚ್ಚಿ ಕೀವಾಗಿತ್ತು ಅನ್ನೋಣ. ಯಾರಿಗೆ ಗೊತ್ತಾಗುತ್ತೆ? ಇದು ಬೀದಿಗೆ ಬಿದ್ರೆ ನಾಳೆಯಿಂದ ಒಂದು ನಾಯೀನೂ ಬರಲ್ಲ ನಮ್ಮಂಗಡಿಗೆ."

ಮೋರಿ ಕಾಲ ಬಳಿಯಲ್ಲೇ ಇತ್ತು. ಅತ್ತಿಗೆ ಸಂತಳಲ್ಲ, ಲೆಕ್ಕ ಬಲ್ಲವಳು. ಅಂಗಡಿ ಹೋದರೆ ಏನೇನು ಹೋಗುತ್ತದೆಂದು ಅವಳಿಗೆ ನಾದಿನಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಉಣ್ಣೆಯ ಕಥೆಗೆ ಬಾಗಿಲ ಹೊರಗಿರುವ ಅಳಿಯ ಬಗ್ಗುವುದಿಲ್ಲ. ಉಣ್ಣೆ ಎಲ್ಲ ನಾಯಿಗೂ ಕಚ್ಚುತ್ತದೆ. ಎಲ್ಲ ನಾಯಿಯೂ ಮನೆಯವನ ಕೈ ಹರಿಯುವುದಿಲ್ಲ. ಈ ಚೂರು ಮೋರಿಗೆ ಹೋದರೆ ನಾಯಿ ಗಾಡಿಗೆ ಹೋಗುತ್ತದೆ.

"ಹಿಡ್ಕೋ ನಾಯೀನ. ನಾನು ಹೇಳ್ತೀನಿ," ಎಂದು ಎದ್ದು ಬಾಗಿಲು ತಟ್ಟಿದಳು.

ಅಂಗಳದಲ್ಲಿ ಗಾಡಿಯವನು ಉದ್ದ ಕೋಲಿನ ಕುಣಿಕೆ ಹಿಡಿದು ನಿಂತಿದ್ದ. ನೂರಾರು ನಾಯಿ ಹಿಡಿದು ಬೇಸತ್ತ ಮನುಷ್ಯ. ಅತ್ತಿಗೆ ಅಂಗೈ ಚಾಚಿದಳು. "ಹುಚ್ಚಲ್ಲ ಅನ್ಸುತ್ತೆ ಸರ್. ಇದು ಕಿವಿಗೆ ಬಿಗಿದಿತ್ತು. ಶನಿವಾರ ನಮ್ಮಂಗಡೀಲಿ—"

"ನಾನು ಕಟ್ಟಿದ್ದು," ಎಂದಳು ನಾದಿನಿ ಹಿಂದಿನಿಂದ. ಟವಲಿನ ಗಂಟನ್ನು ಎದೆಗೆ ಅವುಚಿಕೊಂಡಿದ್ದಳು. "ಅತ್ತಿಗೆಯಲ್ಲ. ಬಾಚಣಿಗೆ ಹಾಯಿಸಿ ನೋಡ್ಬೇಕಿತ್ತು, ನೋಡ್ಲಿಲ್ಲ. ಅಷ್ಟೇ."

ಅಳಿಯ ಬ್ಯಾಂಡನ್ನು ನೋಡಿದ, ಕಿವಿಯನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ. ಮುಖ ಕೆಂಪಾಯಿತು. "ನಿಮ್ಮ ಶೋಕಿಗೆ ನನ್ನ ಕೈ! ರಾತ್ರಿಯೆಲ್ಲ ಸಾಯ್ತೀನಾ ಬದುಕ್ತೀನಾ ಅಂತ ಕೂತಿದ್ದೀನಿ ನಾನು. ಈಗ ರಬ್ಬರ್ ಬ್ಯಾಂಡ್ ತೋರಿಸ್ತೀರಾ? ನಂಬೋದು ಹೇಗೆ? ಬ್ಯಾಂಡೂ ಇರಬಹುದು, ಹುಚ್ಚೂ ಇರಬಹುದು. ಲಸಿಕೆ ಹಾಕಿಸಿಲ್ಲ ಈ ಮಹಾನುಭಾವರು." ಕಂಡಕ್ಟರ್ ತಲೆ ತಗ್ಗಿಸಿದರು. "ನೀವು ತಗೊಂಡು ಹೋಗ್ರೀ ಅದನ್ನ!"

ಗಾಡಿಯವನು ಕುಣಿಕೆಯ ಕೋಲನ್ನು ಗೋಡೆಗೆ ಆನಿಸಿದ. "ತಗೊಂಡು ಹೋಗೋದು ನನಗೇನು ಕಷ್ಟ ಸಾರ್. ಆದ್ರೆ ಒಂದು ಕೇಳಿ. ಹುಚ್ಚಿದ್ರೆ ಅದು ಹತ್ತು ದಿನದೊಳಗೆ ತಾನಾಗಿ ಸಾಯುತ್ತೆ. ಹತ್ತು ದಿನ ಆದ ಮೇಲೂ ಬದುಕಿದ್ರೆ, ನಿಮಗೆ ಕಚ್ಚಿದಾಗ ಅದರ ಹತ್ರ ಏನೂ ಇರ್ಲಿಲ್ಲ ಅಂತ. ಇವತ್ತು ಅದನ್ನ ಮುಗಿಸಿಬಿಟ್ರೆ ಆ ಧೈರ್ಯ ನಿಮಗೆ ಯಾರು ಕೊಡ್ತಾರೆ? ಕಟ್ಟಿಹಾಕಿ ನೋಡೋದೇ ವಾಸಿ. ಡಾಕ್ಟರೂ ಅದೇ ಹೇಳ್ತಾರೆ."

"ಯಾರ ಮನೇಲಿ? ಈ ಮನೇಲಂತೂ ಬೇಡ."

"ನಮ್ಮಂಗಡೀಲಿ," ಎಂದಳು ಅತ್ತಿಗೆ.

ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಆ ನಾಯಿ ಒಳಗಿದ್ದಷ್ಟು ದಿನ ಬೇರೆ ಯಾವ ನಾಯಿಯೂ ಒಳಗೆ ಬರುವಂತಿಲ್ಲ. ಇರಲಿ. ಬಾಗಿಲು ತೆರೆದಿಟ್ಟರೂ ಬರುವವರು ಯಾರು?

ಪ್ರಾಣಿಗಳ ಡಾಕ್ಟರು ಕಿವಿಯ ಕಪ್ಪುತುದಿ ತೆಗೆದು ಹೊಲಿಗೆ ಹಾಕಿದರು. ಹತ್ತಿಯನ್ನು ಅಂಗಡಿಯ ದೊಡ್ಡ ಗೂಡಿನಲ್ಲಿಟ್ಟು, ಷಟರನ್ನು ಮೊಣಕಾಲೆತ್ತರಕ್ಕೆ ಇಳಿಸಿದರು. ಮೊದಲ ಸಂಜೆ ಅದು ಏನೂ ತಿನ್ನಲಿಲ್ಲ. ಮರುದಿನವೂ ತಟ್ಟೆ ಇಟ್ಟಲ್ಲೇ ಇತ್ತು. ನಾದಿನಿ ಗೂಡಿನ ಎದುರು ಚಾಪೆ ಹಾಕಿಕೊಂಡು ಕೂತವಳು ಏಳಲಿಲ್ಲ. "ಹುಚ್ಚೇ ಇದ್ರೆ ಅತ್ತಿಗೆ?" ಎಂದು ಕೇಳಿದಳು. ಅತ್ತಿಗೆ, "ನೋವಿರೋ ನಾಯಿ ತಿನ್ನಲ್ಲ," ಎಂದಳು. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಷಟರಿನ ಕೆಳಗೆ ಎರಡು ಷೂ ಬಂದು ನಿಂತವು. ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಮೊಣಕಾಲು ನೆಲಕ್ಕೆ ತಾಗಿತು, ಬ್ಯಾಂಡೇಜಿನ ಕೈ ಊರಿತು, ಕೊನೆಗೆ ಅಳಿಯನ ಮುಖ ಅಡ್ಡಡ್ಡವಾಗಿ ಕಾಣಿಸಿತು.

"ಬದುಕಿದೆಯಾ?"

"ಇದೆ ಸರ್."

"ತಿಂತಾ?"

"ಇನ್ನೂ ಇಲ್ಲ."

ಅವನು ತನ್ನ ಬ್ಯಾಂಡೇಜಿನ ಕೈ ನೋಡಿಕೊಂಡ. "ಯಾಕೆ ತಿಂದಿಲ್ಲ? ಏನು ಹಾಕ್ತಿದ್ದೀರಿ ಅದಕ್ಕೆ? ಒಣಕಲು ಹಾಕಿದ್ರೆ ಅದು ಮೂಸೂ ನೋಡಲ್ಲ, ನಮ್ಮಾವ ಕೆಡಿಸಿಟ್ಟಿದ್ದಾರೆ. ಮೊಟ್ಟೆ ಬೇಯಿಸಿ ಹಿಸುಕಿ ಹಾಕ್ಬೇಕು. ಅಷ್ಟೂ ಗೊತ್ತಿಲ್ವಾ ನಿಮಗೆ?"

ಬೈಯುತ್ತಲೇ ಎದ್ದು ಹೋದವನು ಅರ್ಧ ಗಂಟೆಯಲ್ಲಿ ಬೆವರಿಕೊಂಡು ಮರಳಿದ. ಡಬ್ಬಿಯೊಂದನ್ನು ಷಟರಿನ ಕೆಳಗಿನಿಂದ ಒಳಕ್ಕೆ ತಳ್ಳಿ ತಾನೂ ಅಲ್ಲೇ ಬಗ್ಗಿದ. ನಾದಿನಿ ಅದನ್ನು ತಟ್ಟೆಗೆ ಸುರಿದು ಗೂಡಿನೊಳಗಿಟ್ಟಳು. ಹತ್ತಿ ತಲೆಯೆತ್ತಿ ಮೂಸಿತು. ಷಟರಿನ ಕೆಳಗಿದ್ದ ಮುಖವನ್ನು ನೋಡಿ ಗೊರ್ ಎಂದಿತು.

"ಬೈಯಿ, ಬೈಯಿ," ಎಂದ ಅಳಿಯ, ಕೆನ್ನೆಯನ್ನು ನೆಲಕ್ಕೆ ಹಚ್ಚಿಕೊಂಡೇ. "ನನ್ನನ್ನ ಎಷ್ಟು ಬೇಕಾದ್ರೂ ಬೈಯಿ ಮಾರಾಯ. ತಿಂದ್ಬಿಟ್ಟು ಬೈಯಿ."