ಮೆಖೆಲೆನ್ನಿನ ಗಂಟೆಗಳ ಗೋಡಲೀವ

ಗೋಡಲೀವಳ ಕೈಗಳು ಪೂರ್ತಿಯಾಗಿ ಬಿಚ್ಚಿಕೊಂಡದ್ದನ್ನು ನಾನು ಕಂಡದ್ದು ಅಪರೂಪ. ಯಾರಾದರೂ ಕುಲುಕಲೆಂದು ಕೈ ಚಾಚಿದರೆ ಅವಳು ತನ್ನ ಅರೆಮುಚ್ಚಿದ ಮುಷ್ಟಿಯನ್ನೇ ಅವರ ಅಂಗೈಯಲ್ಲಿಟ್ಟು ಸುಮ್ಮನಾಗುತ್ತಿದ್ದಳು. ಬಾಗಿಲು ಬಡಿಯುವುದಾದರೂ ಬೆರಳ ಗೆಣ್ಣುಗಳಿಂದಲ್ಲ, ಮುಷ್ಟಿಯ ಪಕ್ಕದಿಂದ, ಕಿರುಬೆರಳಿನ ಆ ದಡ್ಡುಗಟ್ಟಿದ ಅಂಚಿನಿಂದ. ನಮ್ಮ ಮೆಖೆಲೆನ್ ಊರಿನ ಸಂತ ರೊಂಬೌಟನ ಇಗರ್ಜಿಯ ಗೋಪುರದಲ್ಲಿ ಸಾಲುಸಾಲಾಗಿ ತೂಗುವ ಕಂಚಿನ ಗಂಟೆಗಳನ್ನು ನುಡಿಸುವುದು ಅವಳ ವೃತ್ತಿ. ಮರದ ಹಿಡಿಗಳನ್ನು ಮುಷ್ಟಿಯಿಂದ ಗುದ್ದಿ, ಕೆಳಗಿನ ಮಣೆಗಳನ್ನು ಕಾಲಿನಿಂದ ಮೆಟ್ಟಿ, ತಂತಿಗಳ ಮೂಲಕ ಮೇಲಿನ ಗಂಟೆಗಳ ನಾಲಗೆಯನ್ನೆಳೆದು ಇಡೀ ಊರಿನ ಮೇಲೆ ಸಂಗೀತವನ್ನು ಸುರಿಸುವ ಕಷ್ಟದ ವಿದ್ಯೆ ಅದು. ಬೀದಿಯಲ್ಲಿ ನಡೆವಾಗಲೂ ಅವಳ ಹೆಜ್ಜೆ ಸರಳವಾಗಿ ಮುಂದಕ್ಕೆ ಹೋಗುತ್ತಿರಲಿಲ್ಲ. ಮಣೆ ಮೆಟ್ಟುವ ಅಭ್ಯಾಸಕ್ಕೆ ಪಕ್ಕದ ಕಲ್ಲೊಂದನ್ನು ಮುಟ್ಟಿ ನೋಡಿ ಮುಂದಿನದಕ್ಕೆ ದಾಟುತ್ತಿತ್ತು. ರೈಲ್ವೆಯಲ್ಲಿದ್ದ ತಂದೆಯ ಹಳೆಯ ಕೋಟನ್ನು ಎಂಥ ಮಾಘದ ಚಳಿಯಲ್ಲೂ ತೋಳುಗಳನ್ನು ಮೊಣಕೈವರೆಗೆ ಮಡಚಿಯೇ ತೊಡುತ್ತಿದ್ದಳು. ಮಾತು ಕಡಿಮೆ, ಆಡಿದ್ದಕ್ಕೆಲ್ಲ ಕೊನೆಯಲ್ಲಿ 'ಅಷ್ಟೇ' ಎಂಬೊಂದು ಮೊಳೆ.

ಅವಳು ನನ್ನ ಓರಗೆಯವಳು, ಒಂದೇ ಶಾಲೆಯಲ್ಲಿ ಕಲಿತವಳು. ಹಾಗಾಗಿ ಅವಳ ಗುರು ಆಖೀಲ್ ಸ್ಟೆರಕ್ಸ್ ಅವರನ್ನೂ ನಾನು ಬಲ್ಲೆ. ಬೇರಾವ ಹುಡುಗನೂ ಕಲಿಯಲು ಬಾರದ ಕಾಲದಲ್ಲಿ, ಒಲ್ಲದ ಮನಸ್ಸಿನಿಂದ ಅವಳನ್ನು ಮೇಲಕ್ಕೆ ಹತ್ತಿಸಿಕೊಂಡವರು ಅವರು. ಮೊದಲ ದಿನವೇ, "ಇದು ಲೇಸು ಹೆಣೆಯೋ ಕೆಲಸ ಅಲ್ಲಮ್ಮ. ಕಂಚು ಹೆಂಗಸರ ಮಾತು ಕೇಳಲ್ಲ," ಅಂದಿದ್ದರಂತೆ. ಆಮೇಲಿನ ವರ್ಷಗಳಲ್ಲಿ ಅವರ ಬಾಯಿಂದ ಅವಳು ಕೇಳಿದ್ದು ಮುಖ್ಯವಾಗಿ ಎರಡು ಮಾತು: 'ತಪ್ಪು' ಮತ್ತು 'ಇನ್ನೊಮ್ಮೆ'. ತಾವೇ ರಚಿಸಿದ ವಿಲಂಬಿತ ಗತಿಯ ನೃತ್ಯಸಂಗೀತವೊಂದನ್ನು ಮಾತ್ರ ಅವಳಿಗೆ ಮುಟ್ಟಗೊಡಲಿಲ್ಲ. ಅವರು ಬಾರಿಸುವಾಗ ಹಿಂದೆ ನಿಂತು ಅವಳು ಕಿವಿಯಿಂದಲೇ ಅದನ್ನು ಕಲಿತಳು. ಕೊನೆಗೆ ಊರು ಅವರ ಸ್ಥಾನಕ್ಕೆ ಅವಳನ್ನೇ ಆರಿಸಿದಾಗ ಮುದುಕರು ಕಡಲ ತೀರದ ಓಸ್ಟೆಂಡಿಗೆ, ತಂಗಿಯ ಮಗಳ ಮನೆಗೆ ಹೊರಟುಹೋದರು. ಬಹಳ ಕಾಲ ಈ ಕಡೆ ತಲೆಹಾಕಲಿಲ್ಲ.

ಅವರು ಮರಳಿ ಬಂದದ್ದು ಊರಿನ ಡೈಲೆ ನದಿಯ ಅಂಚುಗಳೆಲ್ಲ ಹೆಪ್ಪುಗಟ್ಟಿದ ಒಂದು ಜನವರಿಯಲ್ಲಿ. ಲಕ್ವ ಹೊಡೆದು ಅರ್ಧ ದೇಹವೂ ಮುಕ್ಕಾಲು ಮಾತೂ ಹೋಗಿದ್ದವು. ಒಂದು ಶನಿವಾರದ ಮಧ್ಯಾಹ್ನ ಊರು ನೋಡಿಕೊಂಡು ಸಂಜೆಯ ರೈಲಿಗೆ ಹಿಂದಿರುಗುತ್ತೇವೆಂದು ಆ ತಂಗಿಯ ಮಗಳು ಲುತ್ಗಾರ್ಡ್ ಫೋನು ಮಾಡಿದಳು. ಆದರೆ ಮೆಟ್ಟಿಲುಗಳ ಮೇಲೆ ಹಿಮ ಕಟ್ಟಿ, ಗೋಪುರಕ್ಕೆ ಬೀಗ ಬಿದ್ದಿತ್ತು. ಅವರಿಗಾಗಿ ನುಡಿಸಲೇಬೇಕೆಂದು ಗೋಡಲೀವ ಗೋಪುರದ ಕಾವಲಿನ ಯೋಸನ ಬಳಿಗೆ ಹೋದಾಗ ನಾನೂ ಜೊತೆಗಿದ್ದೆ.

"ಮೆಟ್ಲೆಲ್ಲ ಗಾಜಾಗಿದೆ ಕಣೇ. ಆ ಮುರುಕು ಮಂಡಿ ಇಟ್ಕೊಂಡು ಜಾರಿದ್ರೆ ನಿನ್ನ ಬುಟ್ಟೀಲಿ ತುಂಬ್ಕೊಂಡು ತರ್ಬೇಕಾಗತ್ತೆ," ಅಂದ ಯೋಸ್.

"ಬುಟ್ಟಿ ರೆಡಿ ಇಟ್ಕೊಂಡಿರು. ಅಷ್ಟೇ."

ಆ ಶನಿವಾರ ಬೆಳಗಿನಿಂದ ಅವರಿಬ್ಬರೂ ಮೆಟ್ಟಿಲುಗಳಿಗೆ ಬೂದಿ, ಉಪ್ಪು ಚೆಲ್ಲುತ್ತ ಹತ್ತಿದರು. ನಾನು ಕೆಳಗೆ, ಸಂತೆ ನೆರೆದ ಚೌಕದಲ್ಲಿ, ಗಾಲಿಕುರ್ಚಿಯ ಪಕ್ಕ ನಿಂತೆ. ಕಂಬಳಿಯೊಳಗಿಂದ ಆಖೀಲರ ಮೂಗು ಮಾತ್ರ ಕಾಣುತ್ತಿತ್ತು. ಮೋಡ ಗೋಪುರದ ಅರ್ಧವನ್ನೇ ನುಂಗಿತ್ತು. ಆಂಟ್ವರ್ಪಿನ ಚೀಸ್ ವ್ಯಾಪಾರಿಯೊಬ್ಬ ನಾವೆಲ್ಲ ಕತ್ತೆತ್ತಿ ನಿಂತದ್ದನ್ನು ಕಂಡು, "ಏನ್ರಪ್ಪಾ, ಮತ್ತೆ ಚಂದ್ರನಿಗೆ ಬೆಂಕಿ ಬಿತ್ತಾ? ಬಕೆಟ್ ತರ್ಲಾ?" ಎಂದು ಕೂಗಿದ. ಮಂಜಿನಲ್ಲಿ ಕೆಂಪಾದ ಚಂದ್ರನನ್ನು ಬೆಂಕಿಯೆಂದು ತಿಳಿದು ಗೋಪುರಕ್ಕೆ ನೀರು ಹೊತ್ತ ನಮ್ಮ ಹಿರಿಯರ ಪೆದ್ದುತನವನ್ನು ಆಂಟ್ವರ್ಪಿನವರು ಇನ್ನೂ ಮರೆತಿಲ್ಲ.

ಅಷ್ಟರಲ್ಲಿ ಮೇಲಿನಿಂದ ಮೊದಲ ಸ್ವರ ಬಿತ್ತು. ಗುರುಗಳು ಮುಟ್ಟಗೊಡದಿದ್ದ ಅದೇ ನೃತ್ಯ. ಆ ಕೊರೆವ ಚಳಿಯ ನಿಶ್ಚಲ ವಾಯುವಿನಲ್ಲಿ ಪ್ರತಿಯೊಂದು ನಾದವೂ ತನ್ನ ಸಂಪೂರ್ಣ ದುಂಡಗಿನ ಆಕಾರದಲ್ಲಿ ಇಳಿದು, ಹೆಂಚುಗಳನ್ನೂ ಟೋಪಿಗಳನ್ನೂ ಮಾರಾಟದ ಮೇಜುಗಳನ್ನೂ ಮುಟ್ಟಿ, ಕಲ್ಲುಹಾಸಿನೊಳಕ್ಕೆ ಹೋದಂತಾಯಿತು. ತೂಗುತ್ತಿದ್ದವರು ತಕ್ಕಡಿಯನ್ನು ಹಾಗೆಯೇ ಹಿಡಿದು ನಿಂತರು. ಹುಟ್ಟಿದಂದಿನಿಂದ ಕೇಳಿದ ಗಂಟೆಗಳೇ. ಆದರೂ ಆ ಚಳಿಯಲ್ಲೂ ನಾನು ಕಿವಿ ಮುಚ್ಚಿದ್ದ ಟೋಪಿಯನ್ನು ಮೇಲಕ್ಕೆ ಸರಿಸಿದೆ. ಕಂಬಳಿಯೊಳಗಿಂದ ಆಖೀಲರ ಬಲಗೈ ಹೊರಬಂತು. ಮುಷ್ಟಿ ಕಟ್ಟಿ ಕುರ್ಚಿಯ ತೋಳಿನ ಮೇಲೆ ಅವರೂ ನುಡಿಸತೊಡಗಿದರು.

ನಡುವೆ ಒಂದು ಕಡೆ ಸ್ವರ ಬರಬೇಕಾದಲ್ಲಿ ಬರೀ ಮೌನ. ಪಲ್ಲವಿ ಮರಳಿದಾಗ ಅಲ್ಲೇ ಮತ್ತೆ ಮೌನ.

"ತಾಳ ತಪ್ತು ನಿಮ್ಮ ಗಂಟೆಯಮ್ಮಂಗೆ!" ಎಂದು ವ್ಯಾಪಾರಿ ನಕ್ಕ.

ಮೂರನೆಯ ಸಲ ಆ ಜಾಗ ಬಂದಾಗ ಮುದುಕರ ಮುಷ್ಟಿ, ಇಲ್ಲದ ಸ್ವರದ ಕ್ಷಣಕ್ಕೇ ಸರಿಯಾಗಿ, ಧಡ್ಡೆಂದು ಬಿತ್ತು. ಅವರ ಒಂದು ಪಕ್ಕದ ತುಟಿ ಬಹಳ ಹೊತ್ತು ಒದ್ದಾಡಿತು. ಆಮೇಲೆ, ಪ್ರತಿ ಪದವನ್ನೂ ಎತ್ತಿ ತಂದವರಂತೆ, ಆ ವ್ಯಾಪಾರಿಯ ಕಡೆ ತಿರುಗಿ ಹೇಳಿದರು:

"ಸಣ್ಣ ಗಂಟೆ… ಹೆಪ್ಪುಗಟ್ಟಿದೆ. ಅವಳ… ತಪ್ಪಲ್ಲ."

"ಅಯ್ಯೋ, ಮಾವ ಮಾತಾಡಿದ್ರು!" ಎಂದು ಲುತ್ಗಾರ್ಡ್ ನನ್ನ ತೋಳು ಹಿಡಿದಳು. ವ್ಯಾಪಾರಿ ಟೋಪಿ ತೆಗೆದ.

ಗೋಡಲೀವ ಕೆಳಗಿಳಿಯುವ ಹೊತ್ತಿಗೆ ಅವಳ ಮಂಡಿ ಊದಿತ್ತು, ಕಿರುಬೆರಳು ಒಡೆದು ರಕ್ತ ಬಂದಿತ್ತು. ಪಾಠ ಒಪ್ಪಿಸಲು ಬಂದ ಹುಡುಗಿಯಂತೆ ಕುರ್ಚಿಯ ಮುಂದೆ ನಿಂತು, "ಮೇಷ್ಟ್ರೇ, ಒಂದು ಗಂಟೆ ಬಾಯೇ ಬಿಡ್ಲಿಲ್ಲ," ಅಂದಳು. ಅವರು ಈಗಷ್ಟೇ ಆಡಿದ ಮಾತನ್ನು ನಾನು ಅವಳಿಗೆ ಹೇಳಿದೆ. ಅವಳು ನನ್ನನ್ನು ನೋಡಿದಳು, ಅವರನ್ನು ನೋಡಿದಳು, ಒಡೆದ ಬೆರಳನ್ನು ಕೋಟಿಗೆ ಒರೆಸಿಕೊಂಡಳು. ಮುದುಕರು ಗದ್ದವನ್ನು ಗೋಪುರದ ಕಡೆಗೆ ಎತ್ತಿದರು.

"ಇನ್ನೊಮ್ಮೆ."

ಯೋಸ್ ತಲೆ ಚಚ್ಚಿಕೊಂಡ. "ಈ ಗುರುಶಿಷ್ಯರಿಬ್ರೂ ಸೇರಿ ನನ್ನ ಕೊಲ್ತಾರೆ!" ಗೋಡಲೀವಳಾದರೋ ಗಟ್ಟಿಯಾಗಿ ನಕ್ಕಳು, ಅವಳು ಹಾಗೆ ನಕ್ಕದ್ದನ್ನು ನಾನು ಶಾಲೆಬಿಟ್ಟ ಮೇಲೆ ಕೇಳಿರಲಿಲ್ಲ. ಕುಂಟುತ್ತಲೇ ಮತ್ತೆ ಹತ್ತಿದಳು. ಈ ಸಲ ಮೂಕವಾಗಿದ್ದ ಸ್ವರದ ಜಾಗಕ್ಕೆ ಕೆಳಸ್ಥಾಯಿಯ ದೊಡ್ಡ ಗಂಟೆಯೊಂದನ್ನು ತಂದು ನಿಲ್ಲಿಸಿದಳು. ರಚಿಸಿದವರೇ ಊಹಿಸಿರದ ಆ ಗಂಭೀರ ಧ್ವನಿ ಚೌಕವನ್ನು ತುಂಬಿದಾಗ ಆಖೀಲರ ಕೈ ನುಡಿಸುವುದನ್ನು ನಿಲ್ಲಿಸಿತು. ಉಳಿದದ್ದನ್ನು ಅವರು ಬರೀ ಕೇಳಿದರು. ಅವರ ರೈಲು ಹೊರಟುಹೋಯಿತು; ಲುತ್ಗಾರ್ಡ್ ಗಡಿಯಾರದ ಕಡೆ ನೋಡಲೂ ಇಲ್ಲ.

ಮಾರ್ಚಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಆ ನೃತ್ಯವನ್ನು ಅವಳು ಈಗಲೂ ದೊಡ್ಡ ಗಂಟೆಯೊಂದಿಗೇ ನುಡಿಸುತ್ತಾಳೆ.

ವೇದಿಕೆಯ ಕಲಾವಿದರಿಗೆ ಎದುರಿನ ಮುಖಗಳಿರುತ್ತವೆ. ಮೋಡದಲ್ಲಿ ಕೂತು ಊರಿಗೆ ನುಡಿಸುವವರಿಗೆ ಅದೂ ಇಲ್ಲ. ಕೆಳಗೆ ಯಾರು ನಿಂತರು, ಯಾರು ನಡೆದುಹೋದರೆಂಬುದು ಅವರಿಗೆ ತಿಳಿಯುವುದೇ ಇಲ್ಲ. ಆದರೂ ಅವರು ಹತ್ತುತ್ತಾರೆ, ಎಲ್ಲೋ ಕೆಳಗೆ ಒಂದು ಕಿವಿ ತಮ್ಮ ಪ್ರತಿಯೊಂದು ಸ್ವರಕ್ಕೂ ಕಾದಿದೆ ಎಂದೇ ನಂಬಿ ನುಡಿಸುತ್ತಾರೆ. ಆ ಕಿವಿ ನಿಜವಾಗಿಯೂ ಇದ್ದ ದಿನವನ್ನು ನಾನು ಕಂಡೆ. ಇಲ್ಲದ ದಿನಗಳಲ್ಲೂ ಅವರು ಅಷ್ಟೇ ಶ್ರದ್ಧೆಯಿಂದ ನುಡಿಸುತ್ತಾರೆಂಬುದೇ ನನಗೆ ಇಂದಿಗೂ ಮುಗಿಯದ ಬೆರಗು.