ಇಲ್ಲದ ನಾಯಿಯ ಪಾಲು

ವಿನಿಫ್ರೆಡ್ ಹೋಲ್ರಾಯ್ಡ್ ಮನೆಯಲ್ಲಿ ನಾಯಿ ಇರಲಿಲ್ಲ. ಆದರೂ ಆ ಗುರುವಾರ ಅವಳು ನಾಯಿಗಳಿಗೆ ಮಾಂಸ ಮಾರುವ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಳು. ರೈಲು ಸೇತುವೆಯ ಹಿಂದಿನ ಓಣಿ ಆ ಅಂಗಡಿಗೇ ಕೊನೆಯಾಗುತ್ತಿತ್ತು, ಆಚೆ ಬರೀ ಗೋಡೆ. ಸತ್ತ ಕುದುರೆಯ ಮಾಂಸ. ಮನುಷ್ಯರು ತಿನ್ನದಿರಲಿ ಎಂದು ಹಸಿರು ಬಣ್ಣ ಬಳಿದಿರುತ್ತಿದ್ದರು. ಅದಕ್ಕೆ ರೇಷನ್ ಪುಸ್ತಕ ಬೇಕಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸರೆಲ್ಲ ತಲೆಗೆ ವಸ್ತ್ರ ಕಟ್ಟಿಕೊಂಡು ನೆಲ ನೋಡುತ್ತಿದ್ದರು.

ಎರಡನೇ ಮಹಾಯುದ್ಧ ಗೆದ್ದು ಮೂರನೇ ವರ್ಷ. ರೇಷನ್ನಿನಲ್ಲಿ ಬರುತ್ತಿದ್ದ ಮಾಂಸ ವಾರದಲ್ಲಿ ಒಂದು ಊಟಕ್ಕೇ ಮುಗಿಯುತ್ತಿತ್ತು. ಶನಿವಾರ ರಾತ್ರಿ ಊಟಕ್ಕೆ ಬ್ಯಾಂಕ್ ಮ್ಯಾನೇಜರ್ ಆರ್ಮಿಟೇಜ್ ದಂಪತಿ ಬರುವವರಿದ್ದರು. ಉಪಮ್ಯಾನೇಜರ್ ಹುದ್ದೆ ಖಾಲಿಯಿತ್ತು, ಜೊತೆಗೆ ಗುಡ್ಡದ ಮೇಲೆ ಬ್ಯಾಂಕಿನ ಮನೆ. ವಿನಿಫ್ರೆಡ್‌ಳ ಗಂಡ ಕ್ಲಿಫರ್ಡ್ ಅದೇ ಬ್ಯಾಂಕಿನಲ್ಲಿ ಹನ್ನೊಂದು ವರ್ಷದಿಂದ ಗುಮಾಸ್ತ. ಊಟ ಚೆನ್ನಾಗಿ ನಡೆದರೆ ಹುದ್ದೆ ಅವನದು.

ಶುಕ್ರವಾರ ಸಂಜೆ ಕ್ಲಿಫರ್ಡ್ ಗಾಬರಿಯಲ್ಲಿ ಬಂದ. ಹೋಲ್ರಾಯ್ಡ್, ನಾಯಿ ಸಾಕಿದ್ದೀಯಂತೆ, ನಾಳೆ ನೋಡೋಣ ಎಂದು ಮ್ಯಾನೇಜರು ಅಂದರಂತೆ. ಅವರಿಗೆ ಹೇಳಿದ್ದು ಯಾರು ಎಂದು ವಿನಿಫ್ರೆಡ್ ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಮಾಂಸದ ವಿಷಯವೂ ಗೊತ್ತಿರಲಿಲ್ಲ.

ಅವಳು ಪಕ್ಕದ ಮನೆಗೆ ಹೋದಳು. ಗಿರಣಿಯಲ್ಲಿ ನೇಯುವ ನೆಲ್ಲಿ ಸಗ್ಡನ್‌ಳಿಗೆ ಟಿಂಕರ್ ಎಂಬ ನಾಯಿಯಿತ್ತು. ಎರಡು ವರ್ಷ ಅವಳೊಂದಿಗೆ ಮಾತಾಡದಿದ್ದ ವಿನಿಫ್ರೆಡ್ ಈಗ ಬಾಗಿಲಲ್ಲಿ ನಿಂತು ಒಂದು ರಾತ್ರಿಗೆ ನಾಯಿ ಕೊಡು ಎಂದು ಬೇಡಿದಳು.

"ಕರ್ಕೊಂಡು ಹೋಗಮ್ಮ," ಅಂದಳು ನೆಲ್ಲಿ. "ಆದ್ರೆ ನಿಮ್ಮನೆ ದೊಡ್ಡಸ್ತಿಕೆ ಕಲಿಸ್ಬೇಡ. ಆಮೇಲೆ ನಮ್ಮ ಜೊತೆ ಕೂತು ಉಣ್ಣಲ್ಲ ಅದು."

ಶನಿವಾರ ವಿನಿಫ್ರೆಡ್ ಹಸಿರು ಅಂಚನ್ನೆಲ್ಲ ಕತ್ತರಿಸಿ, ಮಾಂಸವನ್ನು ಈರುಳ್ಳಿಯ ಜೊತೆ ನಾಲ್ಕು ತಾಸು ಬೇಯಿಸಿದಳು. ಉಗುರಿನ ಸಂದಿನ ಬಣ್ಣ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ.

ರಾತ್ರಿ ಮ್ಯಾನೇಜರು ಎರಡು ಸಲ ಬಡಿಸಿಕೊಂಡರು. ಹಳ್ಳಿಯಲ್ಲಿ ತನ್ನ ಅಣ್ಣನ ದನ ಇವೆ ಎಂದು ವಿನಿಫ್ರೆಡ್ ಸುಳ್ಳು ಹೇಳಿದಳು. ಟಿಂಕರ್ ವಾಸನೆ ಗುರುತಿಸಿ ಮ್ಯಾನೇಜರ ಮೊಣಕಾಲಿಗೆ ಗದ್ದ ಊರಿ ಕೂತಿತು. ಪಕ್ಕದ ಮನೆಯದೆಂದು ತಿಳಿಯದಿರಲಿ ಎಂದು ಅವಳು ಹೊಸ ಹೆಸರಿಟ್ಟು, ರೋವರ್ ಎಂದು ಕರೆದಳು. ಅದು ತಿರುಗಲಿಲ್ಲ.

ಮಿಸೆಸ್ ಆರ್ಮಿಟೇಜ್ ತಟ್ಟೆ ಮುಟ್ಟಿರಲಿಲ್ಲ. ಫೋರ್ಕಿನಿಂದ ಒಂದು ತುಂಡನ್ನು ಮಗುಚಿ, ಅದರ ಅಡಿ ನೋಡಿದರು.

"ಗುರುವಾರ ನಿಮ್ಮನ್ನ ನೋಡ್ದೆ," ಅಂದರು. "ಸೇತುವೆ ಹಿಂದೆ, ಆ ಅಂಗಡಿ ಹತ್ರ. ನಾಯಿಗೆ ತಾನೆ ತಗೊಂಡಿದ್ದು?"

ಕ್ಲಿಫರ್ಡ್ ಅಗಿಯುವುದು ನಿಂತಿತು. ಬರೀ ಹೌದು ಎಂದಿದ್ದರೆ ಸಾಕಿತ್ತು; ನಾಯಿ ಎದುರಿಗೇ ಇತ್ತು. ಆದರೆ ಆ ಓಣಿಯಲ್ಲಿ ಹಾದುಹೋಗುವವರು ಯಾರೂ ಇಲ್ಲ, ಅಲ್ಲಿಗೆ ಹೋಗುವವರು ಕೊಳ್ಳುವವರೇ ಎಂಬುದು ವಿನಿಫ್ರೆಡ್‌ಗೆ ಹೊಳೆಯಿತು. ಬಾಯಿ ತಡೆಯಲಾಗಲಿಲ್ಲ.

"ಹೌದು ಮೇಡಂ. ನಿಮ್ಮನೆ ನಾಯಿ ಯಾವ ಜಾತಿದು?"

ಮ್ಯಾನೇಜರು ನಕ್ಕುಬಿಟ್ಟರು. "ನಮ್ಮನೇಲಿ ಎಲ್ಲಿ ನಾಯಿ? ಕೂದಲು ಉದುರತ್ತೆ ಅಂತ ಇವಳು ಸೇರಿಸೋದೇ ಇಲ್ಲ."

ಹೆಂಡತಿಯ ಕತ್ತು ಕೆಂಪಾಗಿತ್ತು. ಮ್ಯಾನೇಜರು ಅವರನ್ನು ನೋಡಿದರು, ವಿನಿಫ್ರೆಡ್‌ಳನ್ನು ನೋಡಿದರು, ಕೊನೆಗೆ ತಮ್ಮ ತಟ್ಟೆ ನೋಡಿದರು. ತಮ್ಮ ಮನೆಯ ಭಾನುವಾರದ ಮಾಂಸದೂಟಗಳು ನೆನಪಾಗಿರಬೇಕು. ಚಾಕು ಕೆಳಗಿಟ್ಟರು. ಕೋಟು ತರಲು ಹೇಳಿದರು.

ಅವರು ಹೋದ ಮೇಲೆ ಕ್ಲಿಫರ್ಡ್ ಕೇಳಿದ್ದು ಒಂದೇ. "ಏನು ತಿನ್ಸಿದೆ ನಂಗೆ?" ಟಿಂಕರ್ ಮೇಜಿನ ಮೇಲೆ ಕಾಲಿಟ್ಟು ನಾಲ್ಕೂ ತಟ್ಟೆ ನೆಕ್ಕಿತು.

ಹುದ್ದೆಗೆ ಬೇರೆ ಊರಿನಿಂದ ಒಬ್ಬನನ್ನು ಕರೆಸಿದರು. ಹೋದದ್ದು ಒಂದು ಹುದ್ದೆ, ಗುಡ್ಡದ ಮೇಲಿನ ಒಂದು ಮನೆ, ಮೂರು ಪೌಂಡ್ ಮಾಂಸ.