ಸಾರಿಸಿದ ಗುಂಡಿ

ಅಯ್ಯೋ ದೇವರೇ! ತಿಕೋಟಾ ದಾಟಿದ ಮೇಲೆ ಸಿಗುವ ದಿನ್ನೆಯಲ್ಲಿ ಮೂರು ತಿಂಗಳಿಂದ ಕುಂಚ ಹಿಡಿದು ಒಂದೊಂದೇ ಪದರ ಬಿಡಿಸಿದ್ದ ನಮ್ಮ ಉತ್ಖನನದ ಗುಂಡಿ. ಅದರ ತಳವನ್ನು ಕೂಲಿಗೆ ಬರುವ ಹನಮವ್ವ ಬೆಳಗಾಗುವಷ್ಟರಲ್ಲಿ ಸೆಗಣಿ ಹಾಕಿ ಸಾರಿಸಿಬಿಟ್ಟಿದ್ದಳು. ಮೇಲೊಂದು ರಂಗೋಲಿ ಬೇರೆ.

“ಏನ್ ಮಾಡಿದಿ ಬೇ ಯವ್ವಾ ಇದು?”

“ದೊಡ್ಡ ಸಾಹೇಬ್ರು ಬರ್ತಾರಂದ್ರೆಲ್ರಿ. ಹೊಲಸ ನೆಲಕ್ಕ ಕರಕೊಂಡ ಬರ್ತೀರೇನ್ರಿ?”

“ಅಲ್ಲಿದ್ದ ಕಲ್ಲು?”

“ಆರಿಸಿ, ತೊಳದು, ಬುಟ್ಟ್ಯಾಗ ಇಟ್ಟೇನ್ರಿ. ಒಂದೂ ಒಗದಿಲ್ಲ.”

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ನನ್ನ ಬಾಳು! ಆ ಕಲ್ಲಿನ ಚಕ್ಕೆಗಳು ಎಲ್ಲೆಲ್ಲಿ ಬಿದ್ದಿದ್ದವು ಎನ್ನುವುದೇ ನನ್ನ ಪಿಎಚ್‌.ಡಿ ಪ್ರಬಂಧದ ಜೀವ. ಸಾವಿರಾರು ವರ್ಷ ಹಿಂದಿನ ಬೇಟೆಗಾರರು ಏನನ್ನೂ ಬರೆದಿಟ್ಟು ಹೋಗಿಲ್ಲ. ಕಲ್ಲು ಕೆತ್ತುವಾಗ ಉದುರಿದ ಚಕ್ಕೆ ನೋಡಿಯೇ ಯಾರು ಎಲ್ಲಿ ಕೂತಿದ್ದರು, ಯಾರ ಜೊತೆ ಕೂತಿದ್ದರು ಎಂದು ನಾವು ಹೇಳಬೇಕು. ಇಲ್ಲಿ ನುರಿತ ಕೈಯ ಚಕ್ಕೆಗಳ ಪಕ್ಕದಲ್ಲೇ ಹೊಸಬರ ಒಡ್ಡೊಡ್ಡು ಚಕ್ಕೆಗಳೂ ಬಿದ್ದಿದ್ದವು. ಎಂದರೆ ಒಬ್ಬರು ಇನ್ನೊಬ್ಬರಿಗೆ ಕಲಿಸುತ್ತಿದ್ದರು! ನನ್ನ ಗೈಡ್ ಸಂಗನಬಸವ ಸರ್ ಇದನ್ನು ನಂಬಿರಲಿಲ್ಲ. ಕಣ್ಣಾರೆ ನೋಡಿ ಅಧ್ಯಾಯ ಒಪ್ಪುತ್ತೇನೆ ಎಂದು ಹೊರಟಿದ್ದರು. ನಕ್ಷೆ, ಫೋಟೊ? ನಿನ್ನೆ ಬಿಸಿಲಿಗೆ ಬೇಸತ್ತು, ನಾಳೆ ಮಾಡಿದರಾಯಿತು ಎಂದು ಅಥಣಿ ರಸ್ತೆಯ ಮನೆಗೆ ಹೋಗಿ ಮಲಗಿದ್ದೆ. ಮಹಾ ಜಾಣೆ ನಾನು.

ಸಿಟ್ಟಿನಿಂದ ಬುಟ್ಟಿ ಎಳೆದುಕೊಂಡೆ. ಒಳಗೆ ಎರಡು ಅರಿವೆ ಗಂಟು.

“ಇವ್ಯಾಕ ಬ್ಯಾರೆ ಬ್ಯಾರೆ?”

“ಇವು ಬಲ್ಲಾಕಿ ಮಾಡಿದ್ದು, ಇವು ಕಲಿಯಾಕಿ ಮಾಡಿದ್ದು. ನಮ್ಮ ಸೊಸಿ ಮದಲ ಬಡದ ರೊಟ್ಟಿ ಹಿಂಗ ಹರೀತಿದ್ದವ್ರಿ.”

ಗಂಟು ಬಿಚ್ಚಿ ನೋಡಿದೆ, ಒಂದು ಚಕ್ಕೆಯೂ ತಪ್ಪಿರಲಿಲ್ಲ. “ಹೆಂಗ ಕುಂತಿದ್ರು ಅವರು?”

“ಮಗ್ಗಲಕ್ಕ ಮಗ್ಗಲ. ಎದುರ ಕುಂತ್ರ ಕೈ ತಿರುವೂದು ಉಲ್ಟಾ ಕಾಣತೈತ್ರಿ.”

ಎದುರಾಬದುರಾ ಕೂತಿದ್ದರು ಎಂದು ನಾನು ಬರೆದಿದ್ದೆ. ಚಕ್ಕೆಗಳು ಬಿದ್ದಿದ್ದ ರೀತಿ ನೆನೆದರೆ ಅವಳು ಹೇಳಿದ್ದೇ ಸರಿ. ಅದನ್ನು ಕೇಳಿ ಸಿಟ್ಟು ಇನ್ನೂ ಏರಿತು.

ಅಷ್ಟರಲ್ಲಿ ಸರ್ ಬಂದರು. ಗುಂಡಿ ಇಣುಕಿದರು, ನಾನು ಹೇಳಿದ್ದೆಲ್ಲ ಕೇಳಿದರು.

“ನಿಮ್ಮಿಬ್ಬರ ಬಾಯಿಮಾತು ಪುರಾವೆ ಆಗೂದಿಲ್ಲ, ವಿಜಯಲಕ್ಷ್ಮೀ. ಆ ಅಧ್ಯಾಯ ತಗದ ಬಿಡ್ರಿ.”

ಕಾರು ಹೋಯಿತು. ಹನಮವ್ವ ಸೆರಗಿನ ತುದಿ ಹಿಡಿದು ನಿಂತಿದ್ದಳು.

“ನಾ ಹೇಳಿದ್ದು ತಪ್ಪಾತೇನ್ರಿ ಅಕ್ಕಾರ?”

“ಇಲ್ಲ ಬೇ. ಖರೇನ ಹೇಳಿದಿ,” ಎಂದೆ. ಅಳು ಒತ್ತರಿಸಿ ಬಂತು. “ನೀ ಹೇಳಿದ್ದು ಖರೆ ಅಂತ ತೋರಸಾಕ ನನ್ನ ಹತ್ರ ಏನೂ ಉಳದಿಲ್ಲ.”